ಮೂರು ಸಲ ಫೇಲಾದ ಶಿಲ್ಪಿ

ಗಲ್ಲಕ್ಕೆ ಕೈ ಕೊಟ್ಟು ಯೋಚಿಸ್ತಾ ಕೂತಿರೋ ಕಂಚಿನ ಮನುಷ್ಯನನ್ನ ನೀವೆಲ್ಲ ಎಲ್ಲಾದರೂ ನೋಡೇ ಇರ್ತೀರ. ಎಕ್ಸಾಮ್ ಟೈಮಲ್ಲಿ ಓಡಾಡೋ ಮೀಮ್‌ಗಳಲ್ಲೂ ಅವನಿರ್ತಾನೆ. ಆ ಶಿಲ್ಪದ ಹೆಸರು ದಿ ಥಿಂಕರ್, ಮಾಡಿದವನು ಫ್ರಾನ್ಸಿನ ಆಗಸ್ಟ್ ರೊಡಾನ್. ಶಿಲ್ಪ ಕಲಿಬೇಕು, ಆದರೆ ಎಲ್ಲಿಂದ ಶುರು ಮಾಡೋದು ಅನ್ನೋರಿಗೆ ಅವನು ಹೆಸರು ಮಾಡೋಕೆ ಮುಂಚಿನ ಕಥೆಯೇ ಒಳ್ಳೆ ಪಾಠ.

ರೊಡಾನ್ ಹುಟ್ಟಿದ್ದು 1840ರ ನವೆಂಬರ್ 12ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಪೊಲೀಸ್ ಇಲಾಖೆಯಲ್ಲಿ ಗುಮಾಸ್ತ. ಹುಡುಗನಿಗೆ ದೂರದ ವಸ್ತು ಸರಿಯಾಗಿ ಕಾಣ್ತಿರಲಿಲ್ಲ, ಓದಿನಲ್ಲೂ ಹಿಂದೆ. ಹದಿನಾಲ್ಕನೇ ವಯಸ್ಸಿಗೆ, ಕುಶಲಕರ್ಮಿಗಳನ್ನು ತಯಾರು ಮಾಡುವ ಒಂದು ಡ್ರಾಯಿಂಗ್ ಶಾಲೆಗೆ ಸೇರಿಕೊಂಡ. ಅಲ್ಲಿನ ಮೇಷ್ಟ್ರು ಲೆಕಾಕ್ ದ ಬ್ವಾಬೊದ್ರಾನ್ ಅವರ ವಿಧಾನವೇ ಬೇರೆ. ವಸ್ತುವನ್ನ ಚೆನ್ನಾಗಿ ನೋಡಬೇಕು, ಆಮೇಲೆ ಅದು ಎದುರಿಗೆ ಇಲ್ಲದಾಗ ನೆನಪಿನಿಂದ ಬರೀಬೇಕು. ಅದೇ ಶಾಲೆಯಲ್ಲಿ ರೊಡಾನ್ ಮೊದಲ ಸಲ ಜೇಡಿಮಣ್ಣು ಮುಟ್ಟಿದ. ಕೈ, ಕಾಲು, ತಲೆಗಳನ್ನ ಬಿಡಿಬಿಡಿಯಾಗಿ ಮಾಡಿದ, ಆಮೇಲೆ ಇಡೀ ಆಕೃತಿಗೆ ಕೈ ಹಾಕಿದ. ಅಲ್ಲಿಗೆ ಅವನ ದಾರಿ ಯಾವುದು ಅಂತ ತೀರ್ಮಾನ ಆಗಿಹೋಯ್ತು.

ಶಿಲ್ಪ ಅಂದ ತಕ್ಷಣ ನಮಗೆ ಉಳಿ, ಸುತ್ತಿಗೆ, ಕಲ್ಲು ನೆನಪಾಗುತ್ತೆ. ಆದರೆ ಕಲ್ಲಿನಲ್ಲಿ ತೆಗೆದದ್ದನ್ನ ವಾಪಸ್ ಅಂಟಿಸೋಕೆ ಆಗಲ್ಲ. ಮಣ್ಣಿನಲ್ಲಿ ಕೂಡಿಸಬಹುದು, ಕಳೀಬಹುದು, ಮನಸ್ಸಿಗೆ ಬರಲಿಲ್ಲ ಅಂದ್ರೆ ಮುದ್ದೆ ಮಾಡಿ ಮತ್ತೆ ಶುರು ಮಾಡಬಹುದು. ರೊಡಾನ್ ಕೊನೆವರೆಗೂ ಮಣ್ಣಿನ ಮನುಷ್ಯನೇ. ಅವನ ಅಮೃತಶಿಲೆಯ ಕೆಲಸಗಳನ್ನ ಹೆಚ್ಚಾಗಿ ಕೆತ್ತಿದ್ದು ಸಹಾಯಕರು, ಕಂಚಿನ ಎರಕ ಹೊಯ್ದದ್ದು ಎರಕದವರು.

ಈಗ ಎಂಟ್ರೆನ್ಸ್ ಕಥೆಗೆ ಬರೋಣ. ಆ ಕಾಲದಲ್ಲಿ ಪ್ಯಾರಿಸ್‌ನಲ್ಲಿ ಶಿಲ್ಪಿ ಅನ್ನಿಸಿಕೊಳ್ಳಬೇಕಾದರೆ ಎಕೋಲ್ ದ ಬೋಜಾರ್ ಅನ್ನೋ ದೊಡ್ಡ ಕಲಾಶಾಲೆಯಲ್ಲಿ ಸೀಟು ಸಿಗಬೇಕು. ರೊಡಾನ್ ಮೂರು ಸಲ ಪರೀಕ್ಷೆ ಬರೆದ. ಡ್ರಾಯಿಂಗ್‌ನಲ್ಲಿ ಪಾಸು, ಶಿಲ್ಪದಲ್ಲೇ ಫೇಲು, ಮೂರೂ ಸಲ! ಅವನು ಕಲಿತ ಶೈಲಿ ಆ ಶಾಲೆಯವರ ರುಚಿಗೆ ಒಗ್ಗಲಿಲ್ಲ. ಮನೆ ನಡೀಬೇಕಲ್ಲ, ಕಟ್ಟಡಗಳ ಅಲಂಕಾರದ ಕೆಲಸಕ್ಕೆ ಕೂಲಿಗೆ ಸೇರಿದ. ಬಳ್ಳಿ, ಹೂವು, ಎಲೆ, ದಿನವೂ ಅದೇ.

ಅವನ ಅತಿ ದೊಡ್ಡ ಪಾಠ ಸಿಕ್ಕಿದ್ದು ಈ ಕೂಲಿ ಕೆಲಸದಲ್ಲೇ. ಜೊತೆಗಿದ್ದ ಕಾನ್‌ಸ್ಟಾಂ ಸಿಮೋನ್ ಅನ್ನೋ ಕೆಲಸಗಾರ ಇವನ ಎಲೆಗಳನ್ನ ನೋಡಿ, ಎಲ್ಲವೂ ಚಪ್ಪಟೆಯಾಗಿವೆ ಅಂತ ತಿದ್ದಿದ. ಎಲೆಯ ತುದಿ ನೋಡೋನ ಕಡೆಗೇ ನುಗ್ಗಿ ಬರೋ ಹಾಗೆ ಮಾಡಬೇಕು. ಮೇಲ್ಮೈ ಅಂದರೆ ಒಳಗಿರೋ ಗಾತ್ರ ಹೊರಗೆ ಬಂದು ನಿಲ್ಲೋ ಜಾಗ ಅಂತ ತಿಳೀಬೇಕು. ಈ ಮಾತನ್ನ ರೊಡಾನ್ ಸಾಯೋವರೆಗೂ ಮರೀಲಿಲ್ಲ.

ಇದರ ಜೊತೆಗೆ ಇನ್ನೊಂದು ಅಭ್ಯಾಸ. ಮಾಡೆಲನ್ನೂ ಮಣ್ಣನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸ್ತಾ, ಪ್ರತಿ ಕೋನದಲ್ಲೂ ಎರಡರ ಅಂಚಿನ ಗೆರೆ ಹೊಂದುತ್ತಾ ಅಂತ ನೋಡೋದು. ನಾವು ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಫ್ರಂಟ್ ವ್ಯೂ, ಟಾಪ್ ವ್ಯೂ, ಸೈಡ್ ವ್ಯೂ ಹಾಕಿ ಮುಗಿಸ್ತೀವಿ. ಅವನಿಗೆ ಎಷ್ಟು ವ್ಯೂ ಆದರೂ ಸಾಲದು.

1864ರಲ್ಲಿ ರೋಸ್ ಬೊರೆ ಅವನ ಬದುಕಿಗೆ ಬಂದಳು. ಹೊಲಿಗೆ ಕೆಲಸದ ಹುಡುಗಿ. ಅವನಿಗೆ ಮಾಡೆಲ್ ಆದಳು, ಅವನಿಲ್ಲದಾಗ ಮಣ್ಣು ಒಣಗಿ ಬಿರುಕು ಬಿಡದ ಹಾಗೆ ಒದ್ದೆ ಬಟ್ಟೆ ಸುತ್ತಿ ಕಾದಳು. ಆ ಹೊತ್ತಿಗೆ ಅವನು ಮುರಿದ ಮೂಗಿನ ಒಬ್ಬ ಕೂಲಿಯ ತಲೆ ಮಾಡ್ತಿದ್ದ. ಸ್ಟುಡಿಯೋ ಬೆಚ್ಚಗಿಡೋಕೆ ದುಡ್ಡಿಲ್ಲ. ಚಳಿಗೆ ಮಣ್ಣು ಹೆಪ್ಪುಗಟ್ಟಿ ತಲೆಯ ಹಿಂಭಾಗ ಕಳಚಿ ಬಿತ್ತು. ಉಳಿದ ಮುಖವನ್ನೇ ಪ್ರದರ್ಶನಕ್ಕೆ ಕಳಿಸಿದ. ಅದೂ ತಿರಸ್ಕಾರವಾಯ್ತು. ಮುಂದೆ ಅದೇ ಮುಖ ಅಮೃತಶಿಲೆಗೆ ಇಳಿದು 1875ರಲ್ಲಿ ಅಲ್ಲೇ ಜಾಗ ಪಡೀತು.

1877ರಲ್ಲಿ ದಿ ಏಜ್ ಆಫ್ ಬ್ರಾಂಜ್ ಬಂತು. ಒಬ್ಬ ಬೆಲ್ಜಿಯನ್ ಸೈನಿಕನನ್ನ ಎದುರಿಗೆ ನಿಲ್ಲಿಸಿಕೊಂಡು ಸುಮಾರು ಒಂದೂವರೆ ವರ್ಷ ಮಾಡಿದ್ದು. ಎಷ್ಟು ಜೀವಂತವಾಗಿತ್ತು ಅಂದ್ರೆ, ಇದು ಕೈಯಿಂದ ಮಾಡಿದ್ದಲ್ಲ, ಮನುಷ್ಯನ ಮೈಮೇಲೇ ಅಚ್ಚು ತೆಗೆದದ್ದು ಅಂತ ಆರೋಪ ಬಂತು. ಕಲಾವಿದನಿಗೆ ಇದು ಕಾಪಿ ಹೊಡೆದ ಅನ್ನೋಷ್ಟೇ ದೊಡ್ಡ ಅವಮಾನ. ಅವನು ಮಾಡೆಲ್‌ನ ಫೋಟೋಗಳನ್ನ ಮುಂದಿಟ್ಟ. ಮುಂದಿನ ಶಿಲ್ಪವನ್ನ ಯಾರ ಮೈಮೇಲೂ ಅಚ್ಚು ತೆಗೆಯೋಕೆ ಆಗದ ಹಾಗೆ ಆಳಿಗಿಂತ ದೊಡ್ಡದಾಗಿ ಮಾಡಿದ. ಅವನು ಕೆಲಸ ಮಾಡೋದನ್ನ ಕಣ್ಣಾರೆ ಕಂಡ ಶಿಲ್ಪಿಗಳು ಅವನ ಪರ ನಿಂತರು. 1880ರಲ್ಲಿ ಫ್ರೆಂಚ್ ಸರ್ಕಾರ ಆ ಕಂಚನ್ನ ಕೊಂಡುಕೊಳ್ತು, ಒಂದು ದೊಡ್ಡ ಬಾಗಿಲು ಮಾಡೋ ಕೆಲಸವನ್ನೂ ಕೊಡ್ತು. ಥಿಂಕರ್ ಹುಟ್ಟಿದ್ದು ಆ ಬಾಗಿಲಿನ ಮೇಲೆ ಕೂರೋ ಆಕೃತಿಯಾಗಿ. ಅಷ್ಟು ಹೊತ್ತಿಗೆ ರೊಡಾನ್‌ಗೆ ನಲವತ್ತು.

ಐವತ್ತು ವರ್ಷ ಜೊತೆಗಿದ್ದ ರೋಸ್‌ಳನ್ನ ಮದುವೆಯಾಗಿದ್ದು ಮಾತ್ರ 1917ರ ಜನವರಿಯಲ್ಲಿ. ಎರಡೇ ವಾರಕ್ಕೆ ಅವಳು ತೀರಿಕೊಂಡಳು, ನವೆಂಬರ್ 17ಕ್ಕೆ ಅವನೂ ಹೋದ. ಮಣ್ಣನ್ನ ಒದ್ದೆಯಾಗಿಟ್ಟವಳ ಹೆಸರು ಯಾವ ಶಿಲ್ಪದ ಕೆಳಗೂ ಸಹಿಯಾಗಿ ಇಲ್ಲ. ಇದೂ ಅವನ ಕಥೆಯ ಭಾಗವೇ.

ಶುರು ಮಾಡೋಕೆ ನಿಮಗೆ ಸೀಟು ಬೇಡ, ಉಳಿಯೂ ಬೇಡ. ಒಂದು ಮುಷ್ಟಿ ಜೇಡಿಮಣ್ಣು, ಒಂದು ಒದ್ದೆ ಬಟ್ಟೆ, ಎದುರಿಗೆ ಒಂದು ನಿಜವಾದ ಎಲೆ ಸಾಕು. ಮಾಡಿ, ತಿರುಗಿಸಿ, ಮತ್ತೆ ನೋಡಿ. ತುದಿ ನಿಮ್ಮ ಕಡೆಗೆ ಬರ್ತಿದೆಯಾ?