ಕಾರ್ಖಾನೆಯಲ್ಲೂ ಪಾಠಶಾಲೆಯನ್ನು ಕಂಡ ಸರ್ ಎಂ. ವಿಶ್ವೇಶ್ವರಯ್ಯ

ಸೆಪ್ಟೆಂಬರ್ 15 ಬಂತೆಂದರೆ ದೇಶದೆಲ್ಲೆಡೆ ಇಂಜಿನಿಯರುಗಳ ದಿನಾಚರಣೆ. ಕನ್ನಂಬಾಡಿ ಕಟ್ಟೆಯ ರೂವಾರಿ, ಭಾರತರತ್ನ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಅಂದು ಹಾರ ಬೀಳುತ್ತದೆ. ಆದರೆ ತಾಂತ್ರಿಕ ವಿದ್ಯೆ ಪುಸ್ತಕದಲ್ಲೇ ಉಳಿಯದೆ ಹುಡುಗರ ಕೈಗೂ ಇಳಿಯಬೇಕೆಂದು ಅವರು ಪಟ್ಟ ಶ್ರಮ ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳೆವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿದರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವೀಧರರಾದರು. ಮೈಸೂರು ಸರಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಕರೆತಂದಿತು. 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ ಅವರನ್ನು 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ನೌಕರಿಗೆ ಸೇರಿಸಿಕೊಂಡಿತು.

ಕಾಲೇಜಿನಲ್ಲಿ ಕಲಿಯದ ಪಾಠ ಅವರಿಗಾಗಿ ಧುಳೆ ಸೀಮೆಯ ಪಾಂಜ್ರಾ ನದಿಯಲ್ಲಿ ಕಾದಿತ್ತು. ಅಲ್ಲಿ ಕೊಳವೆಯ ಮೂಲಕ ನೀರು ದಾಟಿಸುವ ಕೆಲಸ ಅವರ ಪಾಲಿಗೆ ಬಂತು. ಮಳೆಗಾಲದ ಪ್ರವಾಹಕ್ಕೆ ಮರಳು ತುಂಬಿಕೊಳ್ಳತೊಡಗಿದಾಗ, ಕೆಲಸವನ್ನು ಸ್ವಲ್ಪ ಕಾಲ ಮುಂದೂಡೋಣವೆಂಬ ಅವರ ಸಲಹೆಯನ್ನು ಮೇಲಧಿಕಾರಿ ಒಪ್ಪಲಿಲ್ಲ. ತರುಣ ಇಂಜಿನಿಯರ್ ಹಟ ಹಿಡಿದು ಅದನ್ನು ಪೂರೈಸಿಯೇ ಬಿಟ್ಟರು. ಮುಂದೆ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಗೇಟುಗಳು ಅವರಿಗೆ ಕೀರ್ತಿ ತಂದವು.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್, 1912ರಲ್ಲಿ ದಿವಾನ. 1917ರಲ್ಲಿ ಅವರು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭಿಸಿದರು. ಸಂಸ್ಥಾನದ ಮಕ್ಕಳು ಈ ವಿದ್ಯೆಗಾಗಿ ತಮ್ಮಂತೆ ಪರಊರಿಗೆ ಹೋಗಬೇಕಾದ ಪರಿಸ್ಥಿತಿ ತಪ್ಪಿತು.

ದಿವಾನಗಿರಿ ಬಿಟ್ಟ ಬಳಿಕವೂ ಅವರಿಗೆ ವಿಶ್ರಾಂತಿ ಇರಲಿಲ್ಲ. 1921-22ರಲ್ಲಿ ಮುಂಬಯಿ ಸರಕಾರದ ತಾಂತ್ರಿಕ ಮತ್ತು ಔದ್ಯೋಗಿಕ ಶಿಕ್ಷಣ ಸಮಿತಿಗೆ ಅವರು ಅಧ್ಯಕ್ಷರಾದರು. ಆದರೆ ಸದಸ್ಯರಲ್ಲಿ ಒಮ್ಮತ ಮೂಡಲಿಲ್ಲ.

ಅದೇ ದಶಕದಲ್ಲಿ, ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನು ಅವರು ವಹಿಸಿಕೊಂಡರು. ಆರಂಭದಲ್ಲಿ ಅಲ್ಲಿ ಪರದೇಶದ ತಜ್ಞರನ್ನೇ ನಂಬಬೇಕಿತ್ತು. ವಿಶ್ವೇಶ್ವರಯ್ಯನವರು ಸ್ಥಳೀಯ ತರುಣರನ್ನು ಕುಲುಮೆಯ ಬಳಿಯಲ್ಲೇ ತಯಾರು ಮಾಡಿ ಜವಾಬ್ದಾರಿಯ ಸ್ಥಾನಗಳಿಗೆ ತಂದರು. ಕಾರ್ಖಾನೆಯೇ ತರಗತಿಯಾಯಿತು. ಅಲ್ಲಿಂದ ಬರಬೇಕಿದ್ದ ಸಂಭಾವನೆಯನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ, ಯುವಕರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ವಿನಿಯೋಗಿಸಿದರು. ಹೀಗೆ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ತಲೆಯೆತ್ತಿತು. ಅದಕ್ಕೆ ಅವರು ತಮ್ಮ ಹೆಸರನ್ನಿಡದೆ ಮಹಾರಾಜರ ಹೆಸರಿಟ್ಟದ್ದು ಗಮನಾರ್ಹ. ಇಂದು ಅದು ಎಸ್.ಜೆ. ಪಾಲಿಟೆಕ್ನಿಕ್ ಎಂದೇ ಮನೆಮಾತು.

1927ರಿಂದ 1955ರ ವರೆಗೆ ಅವರು ಟಾಟಾ ಉಕ್ಕಿನ ಕಂಪೆನಿಯ ನಿರ್ದೇಶಕರಾಗಿದ್ದರು. ಆ ಕಂಪೆನಿ ಜಮ್ಶೆಡ್‌ಪುರದಲ್ಲಿ 1921ರಲ್ಲೇ ತಾಂತ್ರಿಕ ಸಂಸ್ಥೆ ತೆರೆದು, ಯುವಕರಿಗೆ ಪಾಠದ ಜೊತೆ ಕಾರ್ಖಾನೆಯ ತರಬೇತಿಯನ್ನೂ ಕೊಡುತ್ತಿತ್ತು. 1941ರಲ್ಲಿ ವಿಶ್ವೇಶ್ವರಯ್ಯನವರು ಅಖಿಲ ಭಾರತ ಉತ್ಪಾದಕರ ಸಂಘಟನೆಯನ್ನು ಕಟ್ಟಿದಾಗ ಅದರ ನೆಲೆಯಾದದ್ದು ಇದೇ ಮುಂಬಯಿ.

ಅವರು ನೂರು ದಾಟಿದ್ದ 1961ರಲ್ಲಿ ಸಂಸತ್ತು ಅಪ್ರೆಂಟಿಸ್ ಕಾಯಿದೆಯನ್ನು ಅಂಗೀಕರಿಸಿತು. 1973ರ ತಿದ್ದುಪಡಿ ಇಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಅದರ ವ್ಯಾಪ್ತಿಗೆ ತಂದಿತು. ಅದನ್ನು ನೋಡಲು ಅವರಿರಲಿಲ್ಲ. 1962ರ ಏಪ್ರಿಲ್‌ನಲ್ಲಿ ಅವರು ಕಣ್ಮುಚ್ಚಿದ್ದರು. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ, ಅವರದೇ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಈಗ ಇಂಟರ್ನ್‌ಶಿಪ್ ಸೇರಿದೆ.

ಆದರೆ ಕಾಯಿದೆ, ಪಠ್ಯಕ್ರಮಗಳು ಹುಡುಗನನ್ನು ಕಾರ್ಖಾನೆಯ ಗೇಟಿನ ತನಕ ಕರೆದೊಯ್ಯಬಲ್ಲವಷ್ಟೆ. ಒಳಗೆ ಬಿಟ್ಟುಕೊಂಡು, ಯಂತ್ರ ಮುಟ್ಟಿಸಿ, ತಪ್ಪಿದರೆ ತಿದ್ದುವವರು ಊರಿನ ಉದ್ಯಮಿಗಳೇ ಆಗಬೇಕು. ಮುಂಬಯಿ, ಪುಣೆಗಳ ಕೈಗಾರಿಕಾ ವಸಾಹತುಗಳಲ್ಲಿ ಸ್ವಂತ ಘಟಕ ನಡೆಸುವ ಕನ್ನಡಿಗರು ಇದ್ದಾರೆ; ತರಬೇತಿಗೆ ಅವಕಾಶ ಹುಡುಕುವ ಮಕ್ಕಳು ಸಂಘದ ಸದಸ್ಯರ ಮನೆಗಳಲ್ಲೇ ಇದ್ದಾರೆ. ಇವರಿಬ್ಬರನ್ನು ಒಂದೆಡೆ ಸೇರಿಸುವ ಕೆಲಸ ಸಂಘಗಳಿಂದ ಆದರೆ, ಆ ಮಹಾನುಭಾವನಿಗೆ ಅದಕ್ಕಿಂತ ದೊಡ್ಡ ಹಾರ ಬೇರೊಂದಿರಲಾರದು.