ಧರ್ಮಪ್ರವರ್ತ ರಾವ್ ಬಹದ್ದೂರ್ ಗುಬ್ಬಿ ತೋಟದಪ್ಪನವರು

ಹಸಿದವರಿಗೆ ಅನ್ನವನ್ನೀಯುವುದು ಮಹಾಪುಣ್ಯವೆಂದೂ, ಅರಿಯದವರಿಗೆ ವಿದ್ಯೆಯನ್ನೀಯುವುದು ಅದಕ್ಕಿಂತಲೂ ಮಿಗಿಲೆಂದೂ ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಆದರೆ ಈ ಎರಡಕ್ಕೂ ಆಧಾರವಾದ ಮೂರನೆಯ ದಾನವೊಂದುಂಟು. ಅದೇ ನೆಲೆಯಿಲ್ಲದವರಿಗೆ ನೆಲೆಯನ್ನು ಕಲ್ಪಿಸುವುದು. ತಲೆಯ ಮೇಲೆ ಸೂರಿಲ್ಲದವನಿಗೆ ಉಂಡ ಅನ್ನ ಮೈಗೆ ಹತ್ತದು, ಓದಿದ ಪಾಠ ಮನದಲ್ಲಿ ನಿಲ್ಲದು. ಈ ತತ್ತ್ವವನ್ನು ತಮ್ಮ ಸ್ವಾರ್ಜಿತ ದ್ರವ್ಯದಿಂದ ಕಾರ್ಯರೂಪಕ್ಕೆ ತಂದ ಮಹನೀಯರು ಲಿಂಗೈಕ್ಯ ಗುಬ್ಬಿ ತೋಟದಪ್ಪನವರು. ಶ್ರೀಮಠದ ಈ ಮಹೋತ್ಸವ ಸಂದರ್ಭದಲ್ಲಿ ಅವರ ಪುಣ್ಯಚರಿತೆಯನ್ನು ಸ್ಮರಿಸುವುದು ಸದ್ಭಕ್ತರೆಲ್ಲರಿಗೂ ಉಚಿತವಾದುದಾಗಿದೆ.

ತೋಟದಪ್ಪನವರು 1838 ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ವೀರಶೈವ ಕುಟುಂಬವೊಂದರಲ್ಲಿ ಜನಿಸಿದರು. ಗುಬ್ಬಿಯು ಚಿಕ್ಕ ಊರಾದರೂ ಕೀರ್ತಿಯಲ್ಲಿ ಚಿಕ್ಕದಲ್ಲ. ಭಾವಚಿಂತಾರತ್ನವನ್ನೂ ವೀರಶೈವಾಮೃತ ಪುರಾಣವನ್ನೂ ರಚಿಸಿದ ಮಲ್ಲಣಾರ್ಯರು ಆ ಊರಿನವರು. ಶ್ರೀ ಚನ್ನಬಸವೇಶ್ವರ ಸ್ವಾಮಿಯ ಸನ್ನಿಧಿಯಿಂದ ಅದು ಪುಣ್ಯಸ್ಥಳವೂ ಹೌದು. ತೋಟದಪ್ಪನವರ ಕುಟುಂಬವು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ನೆಲೆಸಿತು. ಅಲ್ಲಿಯೇ ಅವರು ವ್ಯಾಪಾರವನ್ನು ಕೈಗೊಂಡು ಸಂಪತ್ತನ್ನು ಸಂಪಾದಿಸಿದರು. ಶರಣಧರ್ಮದಲ್ಲಿ ವ್ಯಾಪಾರವೂ ಕಾಯಕವೇ ಸರಿ. ಆದರೆ ಕಾಯಕದಿಂದ ಬಂದುದು ದಾಸೋಹದಲ್ಲಿ ಸಲ್ಲದಿದ್ದರೆ ಆ ಕಾಯಕವು ಅರ್ಧದಲ್ಲಿಯೇ ನಿಂತಂತಾಗುವುದು. ತೋಟದಪ್ಪನವರು ಅದನ್ನು ಪೂರ್ಣಗೊಳಿಸಿದ ಬಗೆಯೇ ಅವರ ಜೀವನದ ಸಾರವಾಗಿದೆ.

ಅವರು ಬಾಳಿದ ಕಾಲವು ಮೈಸೂರು ಸಂಸ್ಥಾನದಲ್ಲಿ ಮಹಾಪರಿವರ್ತನೆಯ ಕಾಲವಾಗಿದ್ದಿತು. 1876 ರಿಂದ 1878 ರ ವರೆಗಿನ ಘೋರ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನರು ಅಸುನೀಗಿದರು. ಉಳಿದವರಲ್ಲಿ ಅನೇಕರು ಊರುಬಿಟ್ಟು ಪಟ್ಟಣಗಳನ್ನು ಸೇರಿದರು. ಬೆಂಗಳೂರಿನಿಂದ ಮೈಸೂರಿಗೆ 1882 ರಲ್ಲಿಯೂ, ತುಮಕೂರಿಗೆ 1884 ರಲ್ಲಿಯೂ ರೈಲುಮಾರ್ಗವು ಸಿದ್ಧವಾಯಿತು. 1889 ರ ವೇಳೆಗೆ ಆ ಮಾರ್ಗವು ಹರಿಹರದವರೆಗೆ ಮುಂದುವರಿಯಿತು. ಹಿಂದೆ ಗಾಡಿಯಲ್ಲಿ ಬರುತ್ತಿದ್ದ ಪ್ರಯಾಣಿಕನು ದಾರಿಯುದ್ದಕ್ಕೂ ಮಠ, ಛತ್ರ, ಬಂಧುಗಳ ಮನೆಗಳಲ್ಲಿ ತಂಗುತ್ತ ಬರುತ್ತಿದ್ದನು. ಈಗಲಾದರೋ ಹಗಲೊಂದರಲ್ಲಿಯೇ ರೈಲು ಅವನನ್ನು ತಂದು ಅಪರಿಚಿತ ಪಟ್ಟಣದಲ್ಲಿ ಇಳಿಸುತ್ತಿದ್ದಿತು. ವ್ಯಾಜ್ಯಕ್ಕೆಂದು ಬಂದ ರೈತನೂ, ರೋಗಿಯನ್ನು ಕರೆತಂದ ಬಡವನೂ, ಯಾತ್ರೆಗೆ ಹೊರಟ ವೃದ್ಧರೂ ನಿಲ್ದಾಣದಿಂದ ಹೊರಬಂದೊಡನೆ ರಾತ್ರಿಯನ್ನು ಎಲ್ಲಿ ಕಳೆಯಬೇಕೆಂದು ಚಿಂತಿಸಬೇಕಾಗಿದ್ದಿತು.

ವಿದ್ಯಾರ್ಥಿಗಳ ಕಷ್ಟವು ಇದಕ್ಕಿಂತ ದೊಡ್ಡದು. ಪ್ರಯಾಣಿಕನಿಗೆ ಬೇಕಾದುದು ಎರಡು ದಿನದ ನೆಲೆ, ವಿದ್ಯಾರ್ಥಿಗೆ ಬೇಕಾದುದು ವರ್ಷಗಳ ನೆಲೆ. ಉಚ್ಚ ಶಿಕ್ಷಣಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಂತಹ ವಿದ್ಯಾಲಯಗಳಿದ್ದುವು. ಆದರೆ ಹಳ್ಳಿಯ ಬಡ ಬಾಲಕನಿಗೆ ಅಲ್ಲಿ ಬಾಡಿಗೆಗೆ ಕೋಣೆ ಹಿಡಿಯುವ ಶಕ್ತಿಯಿರಲಿಲ್ಲ. ಶಿವಪೂಜೆಗೆ ಶುಚಿಯಾದ ನೀರು, ಸ್ಥಳ ಮತ್ತು ಆಚಾರಕ್ಕೆ ತಕ್ಕ ಪ್ರಸಾದ ಇವುಗಳೂ ಬೇಕಾಗಿದ್ದುವು. ಬುದ್ಧಿಯಿದ್ದೂ ನೆಲೆಯಿಲ್ಲದ ಕಾರಣದಿಂದ ವಿದ್ಯೆಯನ್ನು ತೊರೆದು ಊರಿಗೆ ಮರಳಿದವರು ಎಷ್ಟು ಮಂದಿಯೋ! ವಿದ್ಯಾಲಯದ ಬಾಗಿಲು ತೆರೆದಿದ್ದರೂ ವಸತಿಯ ಬಾಗಿಲು ಮುಚ್ಚಿದ್ದರೆ ಬಡವನ ಪಾಲಿಗೆ ಎರಡೂ ಮುಚ್ಚಿದಂತೆಯೇ ಸರಿ.

ತೋಟದಪ್ಪನವರಿಗೆ ಸಂತಾನವಿರಲಿಲ್ಲ. ಲೌಕಿಕರು ಇದನ್ನು ದೊಡ್ಡ ಕೊರತೆಯೆಂದು ಎಣಿಸುವರು. ಆದರೆ ಅವರು ತಮ್ಮ ಐಶ್ವರ್ಯಕ್ಕೆ ಹಕ್ಕುದಾರರನ್ನು ಊರೂರುಗಳಿಂದ ಬರುವ ಮಕ್ಕಳಲ್ಲಿಯೂ ಪ್ರಯಾಣಿಕರಲ್ಲಿಯೂ ಕಂಡರು. ಸುಮಾರು ಅರವತ್ತರ ವಯಸ್ಸಿನಲ್ಲಿ, 1897 ರಲ್ಲಿ, ಬೆಂಗಳೂರು ನಗರ ರೈಲುನಿಲ್ದಾಣದ ಸಮೀಪದಲ್ಲಿ ಭೂಮಿಯನ್ನು ಕೊಂಡು ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಉಚಿತ ವಸತಿಯನ್ನು ಕಲ್ಪಿಸುವ ಧರ್ಮಕಾರ್ಯಕ್ಕೆ ತೊಡಗಿದರು. ಅವರು ಆರಿಸಿದ ಸ್ಥಳವೇ ಅವರ ವಿವೇಕಕ್ಕೆ ಸಾಕ್ಷಿ. ದಾನವು ದಾನಿಗೆ ಅನುಕೂಲವಾದಲ್ಲಿ ನಿಲ್ಲದೆ, ಕಷ್ಟವು ಎಲ್ಲಿ ಬಂದಿಳಿಯುವುದೋ ಅಲ್ಲಿಯೇ ನಿಂತು ಅದನ್ನು ಎದುರುಗೊಂಡಿತು.

ಮರುವರ್ಷ, 1898 ರ ಆಗಸ್ಟ್ ತಿಂಗಳಿನಲ್ಲಿ, ಬೆಂಗಳೂರಿಗೆ ಪ್ಲೇಗ್ ಮಾರಿಯು ಕಾಲಿಟ್ಟಿತು. ಇಕ್ಕಟ್ಟಾದ ಪೇಟೆಯ ಮನೆಗಳಲ್ಲಿ ಸಾವಿರಾರು ಜೀವಗಳು ಬಲಿಯಾದುವು. ಜನರು ಮನೆಗಳನ್ನು ಬಿಟ್ಟು ಬಯಲನ್ನು ಸೇರಿದರು. ವಸತಿಯ ಕೊರತೆಯು ಕೇವಲ ಅನನುಕೂಲವಲ್ಲ, ಪ್ರಾಣಕ್ಕೇ ಸಂಚಕಾರವೆಂಬುದು ಆಗ ಸರ್ವರಿಗೂ ವಿದಿತವಾಯಿತು. ಬಸವನಗುಡಿ, ಮಲ್ಲೇಶ್ವರ ಮೊದಲಾದ ಹೊಸ ಬಡಾವಣೆಗಳು ಬೆಳೆದುವು. ಆದರೆ ನಿವೇಶನವನ್ನು ಕೊಂಡು ಮನೆ ಕಟ್ಟಬಲ್ಲವರಿಗೆ ಮಾತ್ರ ಅವು ಒದಗಿದುವು. ಕೈಯಲ್ಲಿ ಕಾಸಿಲ್ಲದ ಬಾಲಕನಿಗೂ ದಾರಿಹೋಕನಿಗೂ ತೋಟದಪ್ಪನವರು ಕೈಗೊಂಡಂತಹ ಧರ್ಮವೇ ಗತಿಯಾಗಿದ್ದಿತು.

1903 ರ ಫೆಬ್ರವರಿಯಲ್ಲಿ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರ ಅಮೃತಹಸ್ತದಿಂದ ಈ ಧರ್ಮಛತ್ರದ ಪ್ರಾರಂಭೋತ್ಸವವು ನೆರವೇರಿತು. ಮಹಾರಾಜರು ರಾಜ್ಯಭಾರವನ್ನು ವಹಿಸಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. 1905 ರಲ್ಲಿ ಮಹಾರಾಜರು ತೋಟದಪ್ಪನವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನಿತ್ತು ಗೌರವಿಸಿದರು. ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಪದವಿಯೂ ಲಭಿಸಿತು.

ದಾನ ಮಾಡುವುದು ಸುಲಭ. ಮಾಡಿದ ದಾನವು ಕೆಡದಂತೆ ನಡೆಯಿಸುವುದು ಕಷ್ಟ. ಒಂದು ಹೊತ್ತಿನ ಅನ್ನವು ಅಂದೇ ಸಾರ್ಥಕವಾಗುವುದು. ಸೂರಾದರೋ ಹಾಗಲ್ಲ, ಮಳೆಗಾಲಕ್ಕೆ ಮುನ್ನ ಹಂಚನ್ನು ಸರಿಪಡಿಸಬೇಕು, ಬಾವಿಯನ್ನು ಶುದ್ಧವಾಗಿಡಬೇಕು, ಲೆಕ್ಕವನ್ನು ನೋಡಬೇಕು, ಅರ್ಹರಿಗೆ ಸ್ಥಳ ತಪ್ಪದಂತೆ ಕಾಯಬೇಕು. ದಾನಿಯ ತರುವಾಯ ಕಾಯುವವರಿಲ್ಲದೆ ಪಾಳುಬಿದ್ದ ಛತ್ರಗಳು ನಾಡಿನಲ್ಲಿ ಅನೇಕವಿವೆ. ಇದನ್ನರಿತೇ ತೋಟದಪ್ಪನವರು ತಮ್ಮ ಧರ್ಮಸಂಸ್ಥೆಯ ಆಡಳಿತವನ್ನು ದಕ್ಷರೂ ಪ್ರಾಮಾಣಿಕರೂ ಆದ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರಿಗೆ ವಹಿಸಿದರು. ಮುಂದೆ ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿ ಖ್ಯಾತರಾದ ಮಹನೀಯರು ಇವರೇ. ಬೆಂಗಳೂರಿನ ಪುರಭವನವು ಇವರ ಹೆಸರನ್ನೇ ಹೊತ್ತಿರುವುದು. ತಾನು ಕಟ್ಟಿದುದನ್ನು ತನ್ನದೆನ್ನದೆ ಸಮರ್ಥರ ಕೈಗೆ ಒಪ್ಪಿಸುವುದೂ ಒಂದು ದಾಸೋಹವೇ ಆಗಿರುವುದು.

1910 ರ ಫೆಬ್ರವರಿ 21 ರಂದು ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ತೋಟದಪ್ಪನವರು ಲಿಂಗೈಕ್ಯರಾದರು. ಅವರು ಸ್ಥಾಪಿಸಿದ ಧರ್ಮಸಂಸ್ಥೆಯು ಮಾತ್ರ ಅಳಿಯಲಿಲ್ಲ. ಅದರ ಆಶ್ರಯದಲ್ಲಿ ತಲೆಮಾರುಗಳ ವಿದ್ಯಾರ್ಥಿಗಳು ಓದಿ ಮುಂದೆ ಬಂದರು. ನಿಲ್ದಾಣದ ಬಳಿಯ ರಸ್ತೆಯು ಇಂದಿಗೂ ಅವರ ನಾಮಾಂಕಿತವಾಗಿದೆ. ಸಂತಾನವಿಲ್ಲದವರೆನಿಸಿದ ಅವರ ಹೆಸರನ್ನು ಪ್ರತಿದಿನವೂ ಸಾವಿರಾರು ಜನರು ಉಚ್ಚರಿಸುತ್ತಿರುವರು.

ಕಲ್ಯಾಣದ ಮಹಾಮನೆಯು ಬಂದವರಿಗೆ ಬಾಗಿಲನ್ನು ತೆರೆದಿದ್ದಿತೆಂದು ನಾವು ಭಕ್ತಿಯಿಂದ ಸ್ಮರಿಸುತ್ತೇವೆ. ಆ ಬಾಗಿಲನ್ನು ತೆರೆದಿಡುವ ಭಾರವು ಪ್ರತಿಯೊಂದು ಕಾಲದವರ ಮೇಲೂ ಇರುವುದು. ತಮ್ಮ ಊರಿಗೆ ಓದಲು ಬಂದ ಬಡ ಮಗುವು ಎಲ್ಲಿ ಮಲಗುವುದು, ಕೆಲಸವನ್ನರಸಿ ಬಂದ ಕೂಲಿಯು ಮಳೆಯ ರಾತ್ರಿಯನ್ನು ಎಲ್ಲಿ ಕಳೆಯುವನು ಎಂಬುದನ್ನು ಶ್ರೀಮಠದ ಸದ್ಭಕ್ತರು ವಿಚಾರಿಸಲಿ. ಶಕ್ತಿಯುಳ್ಳವರು ಭೂಮಿಯನ್ನೀಯಲಿ, ಇಲ್ಲದವರು ಶ್ರಮವನ್ನೀಯಲಿ, ತಿಳಿದವರು ಆಡಳಿತದ ಹೊಣೆಯನ್ನು ಹೊರಲಿ. ಆ ದಾರಿಯಲ್ಲಿ ನಡೆಯುವ ಮನಸ್ಸನ್ನು ಶ್ರೀ ಗುರುವು ಸರ್ವರಿಗೂ ಕರುಣಿಸಲೆಂದು ಪ್ರಾರ್ಥಿಸುವೆವು.