ಎಫ್. ಒ. ಮ್ಯಾಥಿಸನ್

ಫ್ರಾನ್ಸಿಸ್ ಒಟ್ಟೊ ಮ್ಯಾಥಿಸನ್ (ಫೆಬ್ರವರಿ 19, 1902 – ಏಪ್ರಿಲ್ 1, 1950) ಅಮೆರಿಕದ ಸಾಹಿತ್ಯ ವಿಮರ್ಶಕರು ಹಾಗೂ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು. ಅಮೆರಿಕನ್ ಸಾಹಿತ್ಯವನ್ನು ಗಂಭೀರ ಅಧ್ಯಯನದ ವಿಷಯವಾಗಿ ನೆಲೆಗೊಳಿಸಿದವರಲ್ಲಿ ಇವರು ಪ್ರಮುಖರು. 1941ರಲ್ಲಿ ಪ್ರಕಟವಾದ 'ಅಮೆರಿಕನ್ ರಿನೈಸಾನ್ಸ್' ಇವರ ಮೇರುಕೃತಿ.

ಜನನ ಮತ್ತು ವಿದ್ಯಾಭ್ಯಾಸ

ಮ್ಯಾಥಿಸನ್ ಕ್ಯಾಲಿಫೋರ್ನಿಯಾದ ಪಸಡೀನದಲ್ಲಿ ಜನಿಸಿದರು. 1923ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದು, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ನಲ್ಲಿ ಓದಿದರು. 1927ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. ಎರಡು ವರ್ಷ ಯೇಲ್‌ನಲ್ಲಿ ಬೋಧಿಸಿದ ನಂತರ 1929ರಿಂದ ಕೊನೆಯವರೆಗೂ ಹಾರ್ವರ್ಡ್‌ನಲ್ಲಿದ್ದರು.

ಸಂಶೋಧನೆ

'ಅಮೆರಿಕನ್ ರಿನೈಸಾನ್ಸ್' ಕೃತಿಯು ಎಮರ್ಸನ್, ಥೋರೊ, ಹಾಥಾರ್ನ್, ಮೆಲ್ವಿಲ್ ಮತ್ತು ವಿಟ್ಮನ್ ಅವರನ್ನು ಕುರಿತದ್ದು. 1850ರಿಂದ 1855ರವರೆಗಿನ ಅಲ್ಪಾವಧಿಯಲ್ಲಿ ಇವರ ಶ್ರೇಷ್ಠ ಕೃತಿಗಳು ಹೊರಬಂದುದನ್ನು ಮ್ಯಾಥಿಸನ್ ಗುರುತಿಸಿದರು. ಈ ಐವರನ್ನು ಬೆಸೆಯುವ ಎಳೆ ಪ್ರಜಾಪ್ರಭುತ್ವದ ಬಗೆಗಿನ ನಿಷ್ಠೆ ಎಂಬುದು ಅವರ ನಿಲುವು. ಆದರೆ ಆ ಆಶಯವನ್ನು ಕೃತಿಯ ಭಾಷೆ ಮತ್ತು ರಚನೆಯಲ್ಲಿಯೇ ಹುಡುಕಬೇಕೆಂದು ಅವರು ಭಾವಿಸಿದ್ದರು.

ಹಾಥಾರ್ನ್ ಅವರ ನಿರೂಪಣಾ ತಂತ್ರವೊಂದಕ್ಕೆ ಮ್ಯಾಥಿಸನ್ 'ಬಹು ಆಯ್ಕೆಯ ತಂತ್ರ' ಎಂಬರ್ಥದ ಹೆಸರನ್ನಿತ್ತರು. 'ದಿ ಸ್ಕಾರ್ಲೆಟ್ ಲೆಟರ್' ಕಾದಂಬರಿಯಲ್ಲಿ ಪಾದ್ರಿಯ ಎದೆಯ ಮೇಲಿನ ಗುರುತಿಗೆ ನಿರೂಪಕನು ಹಲವು ಕಾರಣಗಳನ್ನು ಮುಂದಿಟ್ಟು, ತೀರ್ಮಾನವನ್ನು ಓದುಗನಿಗೇ ಬಿಡುತ್ತಾನೆ.

'ಹೆನ್ರಿ ಜೇಮ್ಸ್: ದಿ ಮೇಜರ್ ಫೇಸ್' (1944) ಗ್ರಂಥದಲ್ಲಿ ಜೇಮ್ಸ್ ಅವರ ಕೊನೆಯ ಘಟ್ಟದ ಕಾದಂಬರಿಗಳೇ ಅವರ ಸಾಧನೆಯ ಶಿಖರವೆಂದು ವಾದಿಸಿದರು. ಯುರೋಪಿನಲ್ಲಿ ನೆಲೆಸಿದ್ದರಿಂದ ಜೇಮ್ಸ್ ಅವರ ಪ್ರತಿಭೆ ಕುಂದಿತೆಂಬ ಅಭಿಪ್ರಾಯ ಆಗ ಪ್ರಚಲಿತವಾಗಿತ್ತು. 'ದಿ ಪೋರ್ಟ್ರೇಟ್ ಆಫ್ ಎ ಲೇಡಿ' ಕಾದಂಬರಿಯ ಮೊದಲ ಪಾಠವನ್ನು ಪರಿಷ್ಕೃತ ಪಾಠದೊಂದಿಗೆ ಹೋಲಿಸಿ, ಪದಗಳ ಬದಲಾವಣೆಯಿಂದ ಪಾತ್ರಚಿತ್ರಣ ಹೇಗೆ ಸೂಕ್ಷ್ಮವಾಗುತ್ತದೆಂಬುದನ್ನು ತೋರಿಸಿದರು. 1947ರಲ್ಲಿ ಕೆನೆತ್ ಮರ್ಡಾಕ್ ಅವರೊಡನೆ ಜೇಮ್ಸ್ ಅವರ ಟಿಪ್ಪಣಿ ಪುಸ್ತಕಗಳನ್ನು ಸಂಪಾದಿಸಿದರು.

ವಿಮರ್ಶೆ

ಮೆಲ್ವಿಲ್ ಅವರ 'ವೈಟ್-ಜಾಕೆಟ್' ಕೃತಿಯ ಒಂದು ಪದವನ್ನು ಮ್ಯಾಥಿಸನ್ ಬಹುವಾಗಿ ಮೆಚ್ಚಿದ್ದರು. ಅದು ಒಂದಕ್ಷರದ ಅಚ್ಚಿನ ದೋಷವೆಂದು 1949ರಲ್ಲಿ ತಿಳಿದುಬಂದಿತು. ಗ್ರಂಥಸಂಪಾದನೆಯ ಮಹತ್ತ್ವಕ್ಕೆ ಈ ಪ್ರಸಂಗವನ್ನು ಇಂದಿಗೂ ಉದಾಹರಿಸಲಾಗುತ್ತದೆ. ಪ್ರಜಾಪ್ರಭುತ್ವವನ್ನು ಮಾನದಂಡವಾಗಿಟ್ಟುಕೊಂಡ ಗ್ರಂಥದಲ್ಲಿ ಮಹಿಳೆಯರಿಗೂ ಕಪ್ಪು ಜನಾಂಗದ ಲೇಖಕರಿಗೂ ಪ್ರಧಾನ ಸ್ಥಾನ ದೊರೆಯಲಿಲ್ಲವೆಂದು ನಂತರದ ವಿದ್ವಾಂಸರು ಆಕ್ಷೇಪಿಸಿದ್ದಾರೆ.

ಕೊನೆಯ ದಿನಗಳು

ಮ್ಯಾಥಿಸನ್ ಕ್ರೈಸ್ತ ಧರ್ಮದಲ್ಲಿ ಶ್ರದ್ಧೆಯುಳ್ಳ ಸಮಾಜವಾದಿಯಾಗಿದ್ದರು. 1948ರ ಅಧ್ಯಕ್ಷೀಯ ಚುನಾವಣೆಯಲ್ಲಿ ಹೆನ್ರಿ ವಾಲೆಸ್ ಅವರನ್ನು ಬೆಂಬಲಿಸಿದರು. ಶೀತಲ ಸಮರದ ಆರಂಭದ ಆ ದಿನಗಳಲ್ಲಿ ಅವರ ಎಡಪಂಥೀಯ ನಿಲುವು ತೀವ್ರ ಟೀಕೆಗೆ ಗುರಿಯಾಯಿತು. ಸುಮಾರು ಎರಡು ದಶಕಗಳ ಸಂಗಾತಿಯಾಗಿದ್ದ ಚಿತ್ರಕಾರ ರಸೆಲ್ ಚೇನಿ 1945ರಲ್ಲಿ ನಿಧನರಾಗಿದ್ದರು. ಸಲಿಂಗ ಸಂಬಂಧವನ್ನು ಸಮಾಜ ಒಪ್ಪದ ಕಾಲದಲ್ಲಿ ಆ ದುಃಖವನ್ನು ಬಹಿರಂಗವಾಗಿ ಹೇಳಿಕೊಳ್ಳುವುದು ಸಾಧ್ಯವಿರಲಿಲ್ಲ. ಒಂಟಿತನ ಮತ್ತು ಖಿನ್ನತೆಯಿಂದ ಬಳಲಿದ ಮ್ಯಾಥಿಸನ್ 1950ರಲ್ಲಿ ಬಾಸ್ಟನ್ ನಗರದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಥಿಯೊಡೋರ್ ಡ್ರೈಸರ್ ಕುರಿತ ಅವರ ಗ್ರಂಥ ಮರಣಾನಂತರ 1951ರಲ್ಲಿ ಪ್ರಕಟವಾಯಿತು. ಲಿಂಗತ್ವ ಮತ್ತು ಲೈಂಗಿಕತೆಯ ಅಧ್ಯಯನಕ್ಕಾಗಿ ಹಾರ್ವರ್ಡ್‌ನಲ್ಲಿ ಅವರ ಹೆಸರಿನ ಸಂದರ್ಶಕ ಪ್ರಾಧ್ಯಾಪಕ ಪೀಠವಿದೆ.